ಫ್ಲೀಟ್ ವೀಕ್‌ಗೆ ಇಬ್ಬರೇ ಹೊರಟಿದ್ದೀರಾ? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯುದ್ಧನೌಕೆ ಹತ್ತಿ ಇಳಿಯುವ ಒಂದು ದಿನ

ಮೊದಲ ವರ್ಷ ನನ್ನನ್ನು ಹಡಗಿನ ಬಾಗಿಲಿನಿಂದ ವಾಪಸ್ ಕಳಿಸಿದ್ದು ಒಂದು ಚಾಕು. ಸೇಬು ಹೆಚ್ಚೋಕೆ ಅಂತ ಊಟದ ಚೀಲಕ್ಕೆ ನಾನೇ ಹಾಕಿಕೊಂಡಿದ್ದ, ಹಸಿರು ಹಿಡಿಯ ಪುಟ್ಟ ಚಾಕು. ಒಂದೂಮುಕ್ಕಾಲು ಗಂಟೆ ಸಾಲಲ್ಲಿ ನಿಂತ ಮೇಲೆ ತಪಾಸಣೆಯ ಮೇಜಿನ ಮೇಲೆ ಅದು ಹೊರಬಂತು. ಅಲ್ಲಿದ್ದ ಹುಡುಗ ನಕ್ಕ, ಆದರೆ ಬಿಡಲಿಲ್ಲ. ಎಸೆದು ಒಳಗೆ ಬನ್ನಿ, ಇಲ್ಲವೇ ಸಾಲು ಬಿಡಿ ಅಂದ. ಮಲ್ಲೇಶ್ವರದಲ್ಲಿ ಅಮ್ಮ ಕೊಡಿಸಿದ ಚಾಕು ಅದು, ಎಸೆಯೋಕೆ ಮನಸ್ಸಾಗಲಿಲ್ಲ. ನನ್ನ ಗಂಡ ಒಬ್ಬರೇ ಒಳಗೆ ಹೋದರು. ನಾನು ಬೆಂಚಿನ ಮೇಲೆ ಕೂತು ಸೇಬು ಹೆಚ್ಚಿಕೊಂಡು ತಿಂದೆ. "ಯುದ್ಧನೌಕೆಗೆ ಚಾಕು ಹಿಡ್ಕೊಂಡು ಹೊರಟವಳು ನೀನೊಬ್ಬಳೇ ಕಣೇ" ಅಂತ ಇವತ್ತಿಗೂ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾರೆ.

ಆಮೇಲೆ ನಾಲ್ಕು ಸಲ ಹೋಗಿದ್ದೇವೆ. ಒಂದೊಂದು ಸಲವೂ ಒಂದೊಂದು ತಪ್ಪು ಮಾಡಿ ಕಲಿತಿದ್ದೇವೆ. ಬೇ ಏರಿಯಾದಲ್ಲಿರುವ ಕನ್ನಡದವರಿಗೆ, ಅಕ್ಟೋಬರ್‌ನಲ್ಲಿ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ನೌಕಾಪಡೆಯ, ಕೋಸ್ಟ್ ಗಾರ್ಡ್‌ನ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಕೆಲವು ದಿನ ನಿಲ್ಲುತ್ತವೆ. ಕೆನಡಾದ ಹಡಗುಗಳೂ ಎಷ್ಟೋ ವರ್ಷ ಬಂದಿವೆ. 1981ರಲ್ಲಿ ಆಗಿನ ಮೇಯರ್ ಡಯಾನ್ ಫೈನ್‌ಸ್ಟೈನ್ ಶುರು ಮಾಡಿದ ಹಬ್ಬ ಇದು. ದಂಡೆಗೆ ಕಟ್ಟಿ ನಿಲ್ಲಿಸಿದ ಹಡಗನ್ನು ಜನ ಹತ್ತಿ ನೋಡಬಹುದು. ಟಿಕೆಟ್ ಇಲ್ಲ, ದುಡ್ಡಿಲ್ಲ. ಸಾಲಲ್ಲಿ ನಿಲ್ಲುವ ತಾಳ್ಮೆ ಇದ್ದರೆ ಸಾಕು.

ನನ್ನ ಗಂಡನ ಊರು ಕಾರವಾರದ ಹತ್ತಿರ. ಅರಗದಲ್ಲಿ ಐಎನ್ಎಸ್ ಕದಂಬ ನೌಕಾನೆಲೆ 2005ರಲ್ಲಿ ಶುರುವಾಯಿತು. ಅವರಿಗೆ ಯುದ್ಧನೌಕೆ ಅಂದರೆ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕಂಡ ಬೂದು ಬಣ್ಣದ ಚೂರು, ಅಷ್ಟೇ. ಹತ್ತಿ ನೋಡಿದ್ದು ಕಾರವಾರದ ಟಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್ಎಸ್ ಚಪಲ್ ಒಂದನ್ನೇ. ಅದು ಚಿಕ್ಕ ಕ್ಷಿಪಣಿ ದೋಣಿ, ಅದರೊಳಗೆ ಈಗ ಯಾರೂ ವಾಸ ಮಾಡುವುದಿಲ್ಲ. ಫ್ಲೀಟ್ ವೀಕ್‌ಗೆ ಬರುವ ಹಡಗು ಹಾಗಲ್ಲ. ನೀವು ನೋಡುತ್ತಿರುವಾಗಲೇ ಕೆಳಗೆ ಯಾರೋ ಅಡುಗೆ ಮಾಡುತ್ತಿರುತ್ತಾರೆ, ಯಾರೋ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ. ಇದೊಂದು ನೆನಪಿದ್ದರೆ ದಿನ ಚೆನ್ನಾಗಿ ಕಳೆಯುತ್ತದೆ. ತೋಪು ಎಣಿಸೋಕೆ ಹೋಗಬೇಡಿ, ಮನೆ ನೋಡೋಕೆ ಹೋಗಿ.

1. ದಿನ ಗೊತ್ತು ಮಾಡಿಕೊಳ್ಳಿ

ಅಕ್ಟೋಬರ್‌ನ ಎರಡನೇ ಸೋಮವಾರ ಅಮೆರಿಕದಲ್ಲಿ ರಜೆ. ಅದರ ಹಿಂದಿನ ಶನಿವಾರ, ಭಾನುವಾರವೇ ಸಾಮಾನ್ಯವಾಗಿ ಹಬ್ಬದ ಮುಖ್ಯ ದಿನಗಳು. ಆ ಎರಡು ದಿನ ಮಧ್ಯಾಹ್ನ ವಿಮಾನಗಳ ಹಾರಾಟವೂ ಇರುವುದರಿಂದ ಊರೆಲ್ಲ ದಂಡೆಗೆ ಬಂದು ನಿಲ್ಲುತ್ತದೆ. ಕೆಲವು ಹಡಗುಗಳು ಅದಕ್ಕಿಂತ ಒಂದೆರಡು ದಿನ ಮೊದಲೇ ಜನರಿಗೆ ತೆರೆದುಕೊಳ್ಳುತ್ತವೆ. ಆಫೀಸಿಗೆ ಒಂದು ದಿನ ರಜೆ ಹಾಕುವ ಹಾಗಿದ್ದರೆ ಅಂಥ ದಿನವೇ ಹೋಗಿ. ಶನಿವಾರ ಎರಡು ಗಂಟೆ ನಿಲ್ಲುವ ಸಾಲು ಅವತ್ತು ಅರ್ಧ ಗಂಟೆಯಲ್ಲಿ ಮುಗಿದದ್ದೂ ಉಂಟು.

ಯಾವ ಹಡಗು, ಯಾವ ಪಿಯರ್ (ಹಡಗು ಕಟ್ಟಿ ನಿಲ್ಲಿಸುವ ಕಟ್ಟೆ), ಎಷ್ಟು ಗಂಟೆಗೆ ಅನ್ನುವ ಪಟ್ಟಿ ಹಬ್ಬಕ್ಕೆ ಕೆಲವೇ ದಿನ ಮೊದಲು ಫ್ಲೀಟ್ ವೀಕ್‌ನ ಅಧಿಕೃತ ತಾಣದಲ್ಲಿ ಬರುತ್ತದೆ. ಹೊರಡುವ ದಿನ ಬೆಳಿಗ್ಗೆ ಅದನ್ನು ಇನ್ನೊಮ್ಮೆ ನೋಡಿ. ಹಡಗಿಗೆ ಬೇರೆ ಕೆಲಸ ಬಂದರೆ ಅದು ಹೊರಟುಬಿಡುತ್ತದೆ, ನಮಗಾಗಿ ಕಾಯುವುದಿಲ್ಲ.

ಇನ್ನೊಂದು ವಿಷಯ. ಅಮೆರಿಕದ ಕೇಂದ್ರ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ ಬಜೆಟ್ ಪಾಸಾಗದೆ ಸರ್ಕಾರದ ಕೆಲಸ ನಿಂತರೆ ಪೆಟ್ಟು ಬೀಳುವುದು ನೇರ ಈ ಹಬ್ಬಕ್ಕೆ. 2013ರಲ್ಲಿ ಹಬ್ಬವೇ ರದ್ದಾಯಿತು. 2025ರಲ್ಲೂ ನೌಕಾಪಡೆಯ ಕಸರತ್ತಿನ ತಂಡ ಬ್ಲೂ ಏಂಜಲ್ಸ್ ವಿಮಾನಗಳು ಹಾರಲಿಲ್ಲ, ಅಂಥದೇ ಕೆನಡಾದ ತಂಡ ಸ್ನೋಬರ್ಡ್ಸ್ ಬಂದು ಹಾರಿದವು. ಹಾಗಾಗಿ ದೂರದ ಊರಿಂದ ಬರುವವರು ಇದೊಂದನ್ನೇ ನಂಬಿಕೊಂಡು ಟಿಕೆಟ್ ಮಾಡಿಸಬೇಡಿ.

2. ಕಾರು ಮನೆಯಲ್ಲೇ ಬಿಡಿ

ಇದರಲ್ಲಿ ಚರ್ಚೆಯೇ ಬೇಡ. ದಂಡೆಯ ಎಂಬಾರ್ಕಡೆರೋ ರಸ್ತೆಯಲ್ಲಿ ಅವತ್ತು ಪಾರ್ಕಿಂಗ್ ಸಿಕ್ಕಿದರೆ ಲಾಟರಿ ಹೊಡೆದ ಹಾಗೆ. ಸಿಕ್ಕಿದರೂ ಇಡೀ ದಿನದ ಊಟದ ದುಡ್ಡು ಅದಕ್ಕೇ ಹೋಗುತ್ತದೆ. ಈ ಊರಿನಲ್ಲಿ ಕಾರಿನ ಗಾಜು ಒಡೆಯುವ ಕಾಟ ಬೇರೆ.

ಫ್ರೀಮಾಂಟ್, ಡಬ್ಲಿನ್ ಕಡೆಯವರಿಗೆ ಬಾರ್ಟ್ ರೈಲು. ಎಂಬಾರ್ಕಡೆರೋ ಸ್ಟೇಷನ್‌ನಲ್ಲಿ ಇಳಿದು ಮೇಲೆ ಬಂದರೆ ಎದುರಿಗೇ ಗಡಿಯಾರ ಗೋಪುರದ ಫೆರಿ ಬಿಲ್ಡಿಂಗ್ ಕಾಣುತ್ತದೆ. ಸನಿವೇಲ್, ಸಾಂಟಾ ಕ್ಲಾರಾ, ಮೌಂಟನ್ ವ್ಯೂ ಕಡೆಯವರಿಗೆ ಕ್ಯಾಲ್‌ಟ್ರೇನ್. 2024ರ ಸೆಪ್ಟೆಂಬರ್‌ನಿಂದ ಅದು ಕರೆಂಟಿನ ರೈಲು, ಮೊದಲಿಗಿಂತ ಬೇಗ ತಲುಪಿಸುತ್ತದೆ, ಗದ್ದಲವೂ ಕಡಿಮೆ. ಕೊನೆಯ ಸ್ಟೇಷನ್‌ನಲ್ಲಿ ಇಳಿದು ಎನ್ ಗೆರೆಯ ಟ್ರಾಮ್ ಹಿಡಿದರೆ ದಂಡೆಯುದ್ದಕ್ಕೂ ಹೋಗುತ್ತದೆ. ಓಕ್‌ಲ್ಯಾಂಡ್, ಅಲಮೇಡಾ ಕಡೆಯವರು ದೋಣಿಯಲ್ಲೇ ಬನ್ನಿ. ಕಟ್ಟಿ ನಿಲ್ಲಿಸಿದ ಹಡಗನ್ನು ನೀರಿನ ಕಡೆಯಿಂದ ನೋಡುವ ಅವಕಾಶ ಆ ಟಿಕೆಟ್ಟಿನಲ್ಲೇ ಬಂತು ಅಂತ ಇಟ್ಟುಕೊಳ್ಳಿ.

ಪಿಯರ್ ಹುಡುಕೋಕೆ ಒಂದು ಸುಲಭ ಲೆಕ್ಕ ಇದೆ. ಫೆರಿ ಬಿಲ್ಡಿಂಗ್‌ಗೆ ಬೆನ್ನು ಕೊಟ್ಟು ಊರಿನ ಕಡೆ ಮುಖ ಮಾಡಿ ನಿಂತರೆ ಬಲಗಡೆ, ಅಂದರೆ ಉತ್ತರಕ್ಕೆ, ಎಲ್ಲ ಬೆಸ ಸಂಖ್ಯೆಯ ಪಿಯರ್‌ಗಳು. ಎಡಗಡೆ, ದಕ್ಷಿಣಕ್ಕೆ, ಎಲ್ಲ ಸಮ ಸಂಖ್ಯೆ. ನಮಗೆ ಇದು ಗೊತ್ತಿರಲಿಲ್ಲ. ಪಿಯರ್ 30–32 ಹುಡುಕುತ್ತಾ ಉತ್ತರಕ್ಕೆ ನಡೆದು ನಡೆದು, 27, 29, 31 ಬಂತು, ಇನ್ನೇನು ಸಿಕ್ಕಿತು ಅಂದುಕೊಂಡರೆ ಮುಂದೆ 33, 35! ಪಿಯರ್ 30–32 ಇರುವುದು ಬೇ ಬ್ರಿಡ್ಜ್ ದಾಟಿ ಆ ಕಡೆ. ಮತ್ತೆ ಅಷ್ಟೂ ದೂರ ವಾಪಸ್. ಇಬ್ಬರೂ ಅರ್ಧ ಗಂಟೆ ಮಾತಾಡಲಿಲ್ಲ.

3. ಚೀಲ ಬೇಡ, ಜೇಬು ಸಾಕು

ಹಡಗಿಗೆ ಹೋಗುವ ಮುಂಚೆ ವಿಮಾನ ನಿಲ್ದಾಣದಲ್ಲಿ ಇರುವಂಥದೇ ತಪಾಸಣೆ ಇರುತ್ತದೆ. ಬೆನ್ನಿಗೆ ಹಾಕುವ ಚೀಲ, ದೊಡ್ಡ ಕೈಚೀಲ ಬಿಡುವುದಿಲ್ಲ. ಇಟ್ಟು ಹೋಗೋಕೆ ಜಾಗವೂ ಇರುವುದಿಲ್ಲ. ಚಾಕು, ಕತ್ತರಿ, ಪೆಪ್ಪರ್ ಸ್ಪ್ರೇ ಖಂಡಿತ ಬೇಡ. ಕೀ ಗೊಂಚಲಿನಲ್ಲಿ ನೇತಾಡುವ ಪುಟ್ಟ ಚಾಕುವನ್ನು ಎಲ್ಲರೂ ಮರೆಯುತ್ತಾರೆ, ಮನೆಯಲ್ಲೇ ಬಿಚ್ಚಿಡಿ.

ಫೋಟೋ ಇರುವ ಗುರುತಿನ ಚೀಟಿ ಇಬ್ಬರ ಹತ್ತಿರವೂ ಇರಲಿ. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಅದು. ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಅವರ ಪಾಸ್‌ಪೋರ್ಟ್. ಆಧಾರ್ ಕಾರ್ಡ್ ತೋರಿಸಿದರೆ ಅಲ್ಲಿನ ಹುಡುಗರು ಕಣ್ಣು ಪಿಳಿಪಿಳಿ ಬಿಡುತ್ತಾರೆ ಅಷ್ಟೇ. ಬೇರೆ ದೇಶದ ಪ್ರಜೆಗಳಿಗೆ ಆ ವರ್ಷ ವಿಶೇಷ ನಿಯಮ ಏನಾದರೂ ಇದೆಯಾ ಅಂತ ಅಧಿಕೃತ ತಾಣದಲ್ಲಿ ಮೊದಲೇ ಓದಿಕೊಳ್ಳಿ.

ಬಟ್ಟೆ ವಿಷಯಕ್ಕೆ ಬರೋಣ. ಮುಂದೆ ಮುಚ್ಚಿರುವ, ಚಪ್ಪಟೆ ಅಡಿಯ ಶೂ ಬೇಕು. ಚಪ್ಪಲಿ, ಹೀಲ್ಸ್ ಹಾಕಿಕೊಂಡು ಬಂದವರನ್ನು ಹತ್ತಿಸುವುದಿಲ್ಲ. ಅದು ಸುಮ್ನೆ ಶಿಸ್ತಿಗೆ ಮಾಡಿದ ನಿಯಮ ಅಲ್ಲ. ಹಡಗಿನಲ್ಲಿ ಮೆಟ್ಟಿಲನ್ನು ಏಣಿ ಅಂತಲೇ ಕರೆಯುತ್ತಾರೆ, ಅದು ಇರುವುದೂ ಏಣಿಯ ಹಾಗೇ, ಕಡಿದಾಗಿ, ಕಬ್ಬಿಣದ್ದು. ಬಾಗಿಲು ದಾಟುವಾಗ ಮೊಣಕಾಲೆತ್ತರದ ಹೊಸ್ತಿಲು ಎಡವುತ್ತದೆ. ಸೀರೆ, ಉದ್ದ ಲಂಗ ಅವತ್ತು ಬೇಡ. ಚೂಡಿದಾರ್ ಆದರೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ. ಅಕ್ಟೋಬರ್ ಇಲ್ಲಿ ಬೆಚ್ಚಗಿನ ತಿಂಗಳೇ, ಆದರೂ ಪಿಯರ್ ತುದಿಯಲ್ಲಿ ಗಾಳಿ ಜೋರು. ತೆಳು ಜಾಕೆಟ್ ಇರಲಿ. ಟೋಪಿಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ, ಹಾರಿ ನೀರಿಗೆ ಬಿದ್ದರೆ ಯಾರೂ ಎತ್ತಿಕೊಡುವುದಿಲ್ಲ.

ಊಟ? ಡಬ್ಬಿ ಬೇಡ. ಚಪಾತಿಗೆ ಚಟ್ನಿಪುಡಿ, ತುಪ್ಪ ಸವರಿ, ಸುರುಳಿ ಸುತ್ತಿ, ಫಾಯಿಲ್‌ನಲ್ಲಿ ಕಟ್ಟಿ ಜಾಕೆಟ್ ಜೇಬಿಗೆ ಹಾಕಿಕೊಳ್ಳಿ. ತಪಾಸಣೆಗೆ ಮುಂಚೆ ಸಾಲಲ್ಲೇ ತಿಂದು ಮುಗಿಸಿ. ನೀರು ಹದವಾಗಿ ಕುಡಿಯಿರಿ, ಯಾಕೆಂದರೆ ಹಡಗಿನ ಶೌಚಾಲಯ ನೋಡಲು ಬಂದವರಿಗಲ್ಲ. ಸಾಲು ಸೇರುವ ಮೊದಲೇ ಫೆರಿ ಬಿಲ್ಡಿಂಗ್‌ಗೆ ಹೋಗಿ ಆ ಕೆಲಸ ಮುಗಿಸಿಕೊಂಡು ಬನ್ನಿ. ಮೂರನೇ ವರ್ಷದ ಪಾಠ ಅದು, ವಿವರ ಕೇಳಬೇಡಿ.

4. ಸಾಲು

ಸಾಮಾನ್ಯವಾಗಿ ಬೆಳಿಗ್ಗೆ 9 ಅಥವಾ 10ಕ್ಕೆ ಶುರು, ಮಧ್ಯಾಹ್ನ 3–4ಕ್ಕೆ ಮುಗಿಯುತ್ತದೆ. ಆದರೆ ಸಾಲಿನ ಬಾಲವನ್ನು ಅದಕ್ಕಿಂತ ಬಹಳ ಮುಂಚೆಯೇ ಕತ್ತರಿಸುತ್ತಾರೆ. ಊಟ ಮುಗಿಸಿ ಆರಾಮಾಗಿ ಹೋಗೋಣ ಅಂದುಕೊಂಡರೆ ಹಡಗಿನ ಮುಂದೆ ಸೆಲ್ಫಿ ತೆಗೆದುಕೊಂಡು ಬರಬೇಕಾಗುತ್ತದೆ. ಶುರುವಾಗುವ ಒಂದು ಗಂಟೆ ಮುಂಚೆ ಅಲ್ಲಿರಿ.

ಸಾಲಲ್ಲಿ ನಿಂತಾಗ ಮಾಡೋಕೆ ಕೆಲಸ ಇದೆ. ಮೊದಲು ಹಡಗು ಕಟ್ಟಿರುವ ಹಗ್ಗ ನೋಡಿ. ಹಗ್ಗದ ಮಧ್ಯೆ ದೊಡ್ಡ ತಟ್ಟೆಯ ಹಾಗೆ ಏನೋ ಸಿಕ್ಕಿಸಿರುತ್ತಾರೆ. ಅದು ಇಲಿ ತಡೆಯೋಕೆ! ದಂಡೆಯ ಇಲಿ ಹಗ್ಗ ಹಿಡಿದು ಹಡಗು ಸೇರದಿರಲಿ ಅಂತ. ಇಷ್ಟೆಲ್ಲ ರೇಡಾರು ಇದ್ದೂ ಇಲಿಗೆ ಮಾತ್ರ ತಟ್ಟೆಯೇ ಗತಿ. ಆಮೇಲೆ ಬಣ್ಣ ನೋಡಿ. ಬೂದು ಬಣ್ಣ, ಮುಂಭಾಗದಲ್ಲಿ ದೊಡ್ಡ ಬಿಳಿ ಸಂಖ್ಯೆ ಇದ್ದರೆ ಅಮೆರಿಕದ ನೌಕಾಪಡೆ. ಬಿಳಿ ಮೈ, ಮೇಲೆ ಓರೆಯಾಗಿ ಎಳೆದ ಕೆಂಪು ಪಟ್ಟೆ ಇದ್ದರೆ ಕೋಸ್ಟ್ ಗಾರ್ಡ್.

ನೀವು ನಿಂತಿರುವ ಜಾಗಕ್ಕೂ ಒಂದು ಕಥೆ ಇದೆ. 1906ರ ಏಪ್ರಿಲ್ 18ರ ಭೂಕಂಪದ ಮೇಲೆ ಊರೆಲ್ಲ ಹೊತ್ತಿ ಉರಿಯಿತು. ನೀರಿನ ಕೊಳವೆಗಳೆಲ್ಲ ಒಡೆದುಹೋಗಿದ್ದವು. ಆಗ ಮೇರ್ ಐಲ್ಯಾಂಡ್ ನೌಕಾನೆಲೆಯಿಂದ ಪ್ರೆಬಲ್ ಅನ್ನುವ ಹಡಗು, ಜೊತೆಗೆ ಟಗ್ ದೋಣಿಗಳು ಬಂದವು. ಫ್ರೆಡರಿಕ್ ಫ್ರೀಮನ್ ಅನ್ನುವ ಅಧಿಕಾರಿಯ ಕೈಕೆಳಗೆ ಸಮುದ್ರದ ನೀರನ್ನೇ ಪಂಪ್ ಮಾಡಿ ಈ ದಂಡೆಯ ಪಿಯರ್‌ಗಳನ್ನು ಉಳಿಸಿದರು. 1989ರ ಭೂಕಂಪದಲ್ಲಿ ಮತ್ತೆ ಅದೇ ಕಥೆ, ಮರೀನಾ ಬಡಾವಣೆಯ ಬೆಂಕಿಗೆ ಫೀನಿಕ್ಸ್ ಅನ್ನುವ ಅಗ್ನಿಶಾಮಕ ದೋಣಿ ಕೊಲ್ಲಿಯ ನೀರು ಹಾಯಿಸಿತು. ಇವತ್ತು ನಾವು ಗಾಳಿ ತಿನ್ನುತ್ತಾ ನಡೆಯುವ ಈ ದಂಡೆಯ ಮೇಲೆ ಆಗ ಎರಡಂತಸ್ತಿನ ಮೇಲ್ಸೇತುವೆ ಇತ್ತು. ಆ ಭೂಕಂಪದಲ್ಲಿ ಹಾಳಾಗಿ, 1991ರಲ್ಲಿ ಕೆಡವಿದರು, ಸಮುದ್ರ ಮತ್ತೆ ಕಾಣಿಸಿತು. ಫ್ಲೀಟ್ ವೀಕ್‌ನಲ್ಲಿ ಈಗ ದೊಡ್ಡ ಭೂಕಂಪ ಆದರೆ ನೌಕಾಪಡೆ, ಊರಿನವರು ಸೇರಿ ಏನು ಮಾಡಬೇಕು ಅನ್ನುವ ತಾಲೀಮೂ ನಡೆಯುತ್ತದೆ. ನನಗೆ ವಿಮಾನಗಳಿಗಿಂತ ಇದೇ ಜಾಸ್ತಿ ಇಷ್ಟ.

5. ಎಲ್ಲ ಹಡಗೂ ನೋಡುವ ಹಠ ಬೇಡ

ಎರಡನೇ ವರ್ಷ ನಾವು ಮೂರು ಹಡಗು ನೋಡಲೇಬೇಕು ಅಂತ ಓಡಾಡಿದೆವು. ಮನೆಗೆ ಬಂದು ಫೋಟೋ ನೋಡಿದರೆ ಯಾವುದು ಯಾವ ಹಡಗಿನದು ಅಂತಲೇ ಗೊತ್ತಾಗಲಿಲ್ಲ. ಒಂದು ದೊಡ್ಡದು, ಕಾಲಲ್ಲಿ ಶಕ್ತಿ ಉಳಿದಿದ್ದರೆ ಒಂದು ಚಿಕ್ಕದು. ಇಷ್ಟೇ ಸಾಕು.

ದೊಡ್ಡದರಲ್ಲಿ ನನ್ನ ಓಟು ಸಮುದ್ರದಿಂದ ದಡಕ್ಕಿಳಿದು ಹೋರಾಡುವ ಮರೀನ್ ಸೈನಿಕರನ್ನು ಹೊತ್ತೊಯ್ಯುವ ಹಡಗಿಗೆ. ಸ್ಯಾನ್ ಆಂಟೋನಿಯೋ ವರ್ಗದ ಹಡಗು ಬಂದಿದ್ದರೆ ಬಿಡಬೇಡಿ. ಉದ್ದ 208 ಮೀಟರ್. ಅದರ ಹೊಟ್ಟೆಯೊಳಗೆ ದೊಡ್ಡ ಗುಹೆಯಂಥ ಜಾಗ ಇದೆ, ವೆಲ್ ಡೆಕ್ ಅನ್ನುತ್ತಾರೆ. ಸಮುದ್ರದ ಮಧ್ಯೆ ಟ್ಯಾಂಕುಗಳಿಗೆ ನೀರು ತುಂಬಿಸಿಕೊಂಡು ಹಡಗು ತನ್ನ ಹಿಂಭಾಗವನ್ನು ತಾನೇ ತಗ್ಗಿಸುತ್ತದೆ, ಮಾವುತ ಹತ್ತಲಿ ಅಂತ ಆನೆ ಕೂತ ಹಾಗೆ. ಹಿಂಬಾಗಿಲು ತೆರೆದರೆ ಸಮುದ್ರ ಒಳಗೇ ಬರುತ್ತದೆ. ಅಲ್ಲಿಂದ ಗಾಳಿಯ ದಿಂಬಿನ ಮೇಲೆ ತೇಲುವ ಹೋವರ್‌ಕ್ರಾಫ್ಟ್‌ಗಳು ಹೊರಟು, ಟ್ರಕ್ಕು, ಸಾಮಾನು ಹೊತ್ತು ಗಂಟೆಗೆ 70 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ನೇರ ಮರಳಿನ ಮೇಲೆ ಹತ್ತಿಬಿಡುತ್ತವೆ. ಆ ಗುಹೆಯೊಳಗೆ ನಿಂತು ಮೇಲೆ ನೋಡಿ. ಗೋಡೆಗೆ ಮರದ ಹಲಗೆ ಹೊಡೆದಿರುತ್ತಾರೆ, ದೋಣಿ ಬಡಿದರೆ ಪೆಟ್ಟಾಗದಿರಲಿ ಅಂತ. ಇಷ್ಟು ದೊಡ್ಡ ಉಕ್ಕಿನ ಯಂತ್ರಕ್ಕೆ ಮರದ ಅಂಗಿ.

ತೋಪು, ಕ್ಷಿಪಣಿ ನೋಡುವ ಆಸೆ ಇರುವವರಿಗೆ ಡಿಸ್ಟ್ರಾಯರ್. ಆರ್ಲಿ ಬರ್ಕ್ ವರ್ಗದ್ದಾದರೆ ಸುಮಾರು 155 ಮೀಟರ್ ಉದ್ದ. ಮುಂದೆ ಐದು ಇಂಚಿನ ತೋಪು ಇರುತ್ತದೆ. ಅದರ ಹಿಂದೆ ನೆಲದಲ್ಲಿ ಚೌಕಚೌಕ ಮುಚ್ಚಳಗಳು, ಚದುರಂಗದ ಮಣೆಯ ಹಾಗೆ. ಒಂದೊಂದರ ಕೆಳಗೂ ಕ್ಷಿಪಣಿ ಇಡುವ ಒಂದು ಗೂಡು. ಹೀಗೆ ಇಡೀ ಹಡಗಿನಲ್ಲಿ 90ಕ್ಕೂ ಹೆಚ್ಚು. ಗೊತ್ತಿಲ್ಲದೆ ಹೋದರೆ ಚರಂಡಿಯ ಮುಚ್ಚಳ ಅಂದುಕೊಂಡು ದಾಟಿಬಿಡುತ್ತೀರಿ.

ಚಿಕ್ಕದರಲ್ಲಿ ಕೋಸ್ಟ್ ಗಾರ್ಡ್. ಸಾಲು ಕಡಿಮೆ, ಹುಡುಗರು ಮಾತುಗಾರರು. ಎಷ್ಟೋ ಜನ ಎದುರಿನ ಅಲಮೇಡಾದಲ್ಲೇ ಇರುವವರು. ಸಮುದ್ರದಲ್ಲಿ ಸಿಕ್ಕಿಹಾಕಿಕೊಂಡವರನ್ನು ಎತ್ತಿ ತರುವ ಕಥೆಗಳು ಅವರ ಹತ್ತಿರ ಇರುತ್ತವೆ.

6. ಹತ್ತಿದ ಮೇಲೆ

ದಂಡೆಯಿಂದ ಹಡಗಿಗೆ ಹಾಕಿದ ಪುಟ್ಟ ಸೇತುವೆ ದಾಟಿ ಹಡಗಿನ ಮೇಲೆ ಕಾಲಿಡುವಾಗ ಮುಂದಿರುವ ನಾವಿಕರು ನಿಂತು ಹಿಂಭಾಗದ ಬಾವುಟದ ಕಡೆ ತಿರುಗಿ ಸೆಲ್ಯೂಟ್ ಮಾಡುತ್ತಾರೆ. ನೀವು ಮಾಡಬೇಕಿಲ್ಲ. ಆದರೆ ಅವರನ್ನು ತಳ್ಳಿಕೊಂಡು ಹೋಗಬೇಡಿ, ಎರಡು ಕ್ಷಣ ನಿಲ್ಲಿ. ಅದೇ ಹೊತ್ತಿಗೆ ಗಂಟೆ ಬಾರಿಸಿ, ಮೈಕಿನಲ್ಲಿ ಹಡಗಿನ ಹೆಸರು ಕೂಗಿ "ಬರುತ್ತಿದೆ" ಅಂತ ಇಂಗ್ಲಿಷಿನಲ್ಲಿ ಹೇಳಿದರೆ ಗಾಬರಿಯಾಗಬೇಡಿ. ಹಡಗು ಇಲ್ಲೇ ಇದೆಯಲ್ಲ, ಎಲ್ಲಿಂದ ಬರುತ್ತೆ ಅಂತ ನಾನೂ ಸುತ್ತ ನೋಡಿದ್ದೆ. ಬರುತ್ತಿರುವುದು ಕ್ಯಾಪ್ಟನ್. ಅವರನ್ನು ಹಡಗಿನ ಹೆಸರಿನಿಂದಲೇ ಕರೆಯುವುದು ಅಲ್ಲಿನ ಪದ್ಧತಿ. ನಮ್ಮ ಕಡೆ ಮನುಷ್ಯರನ್ನು ಊರ ಹೆಸರಿಂದ ಕರೆಯುತ್ತಾರಲ್ಲ, ಹಾಗೆ.

ದಾರಿ ಒಂದೇ ದಿಕ್ಕಿನದು. ಮುಂದೆ ಹೋದವರು ಹಿಂದೆ ಬರುವಂತಿಲ್ಲ. ಇಲ್ಲೇ ಗಂಡ ಹೆಂಡತಿ ಜಗಳ ಶುರುವಾಗುವುದು. ನಮ್ಮ ಮನೆಯಲ್ಲಿ ಒಬ್ಬರಿಗೆ ಪ್ರತಿ ಬೋರ್ಡನ್ನೂ ಓದಬೇಕು. ಇನ್ನೊಬ್ಬರಿಗೆ, ಅಂದರೆ ನನಗೆ, ಜನರ ಹತ್ತಿರ ಮಾತಾಡಬೇಕು. ಇಕ್ಕಟ್ಟಾದ ಓಣಿಗಳಲ್ಲಿ ನಿಲ್ಲೋಕೆ ಆಗುವುದಿಲ್ಲ. ಅದಕ್ಕೇ ನಾವು ಮಾಡಿಕೊಂಡ ಒಪ್ಪಂದ ಇದು: ಒಳಗೆ ಇಬ್ಬರೂ ಜೊತೆಗೆ ನಡೆಯುವುದು, ಹೆಲಿಕಾಪ್ಟರ್ ಇಳಿಯುವ ತೆರೆದ ಜಾಗಕ್ಕೆ ಬಂದ ಮೇಲೆ ಅರ್ಧ ಗಂಟೆ ಅವರವರ ಪಾಡಿಗೆ ಅವರವರು. ಅಲ್ಲಿ ಜಾಗ ಧಾರಾಳ ಇರುತ್ತದೆ. ನೆಲ ಮಾತ್ರ ರುಬ್ಬುವ ಕಲ್ಲಿನ ಹಾಗೆ ತರಿತರಿ, ಒದ್ದೆಯಾದರೂ ಜಾರದಿರಲಿ ಅಂತ. ಬಿದ್ದರೆ ಮೊಣಕಾಲು ತರಚಿತು ಅಂತಲೇ ಲೆಕ್ಕ.

ಏಣಿ ಹತ್ತುವಾಗ ಎರಡೂ ಕೈ ಕಂಬಿಯ ಮೇಲಿರಲಿ, ಫೋನ್ ಜೇಬಿನಲ್ಲಿರಲಿ. ಇಳಿಯುವಾಗ ಭಯ ಆದರೆ ಏಣಿಯ ಕಡೆ ಮುಖ ಮಾಡಿ ಇಳಿಯಿರಿ, ಯಾರೂ ನಗುವುದಿಲ್ಲ. ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ, ಏಣಿ ಹತ್ತದೆ ನೋಡುವ ಭಾಗ ಎಷ್ಟಿದೆ ಅಂತ ಸಾಲಲ್ಲೇ ಕೇಳಿಕೊಳ್ಳಿ. ಫೋಟೋ ತೆಗೆಯೋಕೆ ಹೊರಗಿನ ಡೆಕ್‌ಗಳಲ್ಲಿ ಸಾಮಾನ್ಯವಾಗಿ ಅಡ್ಡಿ ಇಲ್ಲ. ಒಳಗೆ ಕೇಳಿ ತೆಗೆಯಿರಿ. ಬೇಡ ಅಂದರೆ ಬೇಡ.

ಗೋಡೆಯ ಮೇಲೆ ಹಳದಿ ಚೌಕದೊಳಗೆ 2-108-1-ಎಲ್ ಅಂತ ಏನೋ ಬರೆದಿರುವುದು ಕಾಣುತ್ತದೆ. ಅದು ಆ ಕೋಣೆಯ ವಿಳಾಸ. ಮೊದಲ ಅಂಕಿ ಮಹಡಿ. ಮುಖ್ಯ ಡೆಕ್ 1, ಅದರ ಕೆಳಗಿನದು 2, ಹೀಗೆ ಕೆಳಗೆ ಹೋದ ಹಾಗೆ ಹೆಚ್ಚುತ್ತದೆ. ಮೇಲಿನ ಮಹಡಿಗಳಾದರೆ ಮುಂದೆ ಸೊನ್ನೆ ಸೇರಿ 01, 02. ಎರಡನೆಯದು ಹಡಗಿನ ಮೂತಿಯಿಂದ ಎಷ್ಟನೇ ಪಕ್ಕೆಲುಬು (ಹಡಗಿನ ಮೈಗೆ ಆಧಾರ ಕೊಡುವ ಚೌಕಟ್ಟು) ಅನ್ನುವುದು. ಮೂರನೆಯದು ಬೆಸ ಆದರೆ ಬಲಗಡೆ, ಸಮ ಆದರೆ ಎಡಗಡೆ, ಸೊನ್ನೆ ಆದರೆ ಸರಿಯಾಗಿ ಮಧ್ಯ. ಕೊನೆಯ ಅಕ್ಷರ ಆ ಕೋಣೆ ಯಾತಕ್ಕೆ ಅಂತ. ಎಲ್ ಅಂದರೆ ಜನ ವಾಸ ಮಾಡುವ ಜಾಗ. ಕತ್ತಲಲ್ಲಿ, ಹೊಗೆಯಲ್ಲಿ, ನಿದ್ದೆಗಣ್ಣಿನಲ್ಲೂ ದಾರಿ ತಪ್ಪಬಾರದಲ್ಲ. ಇದನ್ನು ಓದಲು ಕಲಿತ ಮೇಲೆ ನನ್ನ ಗಂಡ ಇಡೀ ಹಡಗಿನಲ್ಲಿ "ನೋಡೇ, ನಾವೀಗ ಎಡಗಡೆ ಇದ್ದೀವಿ" ಅಂತ ಹೇಳುತ್ತಲೇ ಬಂದರು. "ರೀ, ನೀರು ಎಡಗಡೆ ಕಾಣ್ತಾ ಇದೆ, ನಂಗೂ ಗೊತ್ತಾಗುತ್ತೆ" ಅಂದೆ.

ಲಂಗರಿನ ಸರಪಳಿ ಇರುವ ಜಾಗಕ್ಕೆ ಬಿಟ್ಟರೆ ಬಣ್ಣ ಕೇಳಿ. ಸರಪಳಿಯ ಕೊನೆಯ ತುಂಡಿನ ಕೊಂಡಿಗಳೆಲ್ಲ ಕೆಂಪು, ಅದರ ಹಿಂದಿನ ತುಂಡು ಹಳದಿ. ಸರಪಳಿ ಓಡುತ್ತಿರುವಾಗ ಹಳದಿ ಕಂಡರೆ ಹುಷಾರು, ಕೆಂಪು ಕಂಡರೆ ಓಡು ಅಂತ ಅರ್ಥ.

ಬಂದೂಕುಗಳನ್ನು ಮೇಜಿನ ಮೇಲಿಟ್ಟು, ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಸುವುದೂ ಇರುತ್ತದೆ. ಸಾಲು ಅಲ್ಲೇ ಜಾಸ್ತಿ. ನನಗೆ ಅದು ಹಿಡಿಸುವುದಿಲ್ಲ, ಮುಂದೆ ಹೋಗಿಬಿಡುತ್ತೇನೆ. ನಿಮ್ಮಿಷ್ಟ ನಿಮಗೆ.

7. ಮಾತಾಡಿಸಿ

ನಾಲ್ಕು ವರ್ಷದಲ್ಲಿ ನನಗೆ ಸಿಕ್ಕಿದ ಒಳ್ಳೆಯದೆಲ್ಲ ಇಲ್ಲೇ ಸಿಕ್ಕಿದ್ದು. ಡೆಕ್ ಮೇಲೆ ನಿಂತಿರುವ ನಾವಿಕರಲ್ಲಿ ಬಹಳ ಜನ ಇಪ್ಪತ್ತರ ಆಚೀಚೆಯವರು, ನಮ್ಮ ಅಕ್ಕನ ಮಗನ ವಯಸ್ಸು. ಬೆಳಿಗ್ಗೆಯಿಂದ "ಇದರ ರೇಂಜ್ ಎಷ್ಟು" ಅನ್ನುವ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸುಸ್ತಾಗಿರುತ್ತಾರೆ. "ನಿನ್ನ ಊರು ಯಾವುದಪ್ಪಾ, ಊಟ ಹೇಗಿರುತ್ತೆ" ಅಂತ ಕೇಳಿ ನೋಡಿ. ಮುಖ ಅರಳುತ್ತದೆ.

ನಾನು ಕೇಳುವ ಪ್ರಶ್ನೆಗಳು ಇವು. ಎಲ್ಲಿ ಮಲಗುತ್ತೀಯ? (ಮೂರು ಅಂತಸ್ತಿನ ಮಂಚ, ಒಂದರ ಮೇಲೊಂದು. ಮಗ್ಗುಲು ತಿರುಗಿದರೆ ಮೇಲಿನ ಮಂಚ ಭುಜಕ್ಕೆ ತಾಗುತ್ತದೆ ಅಂತ ಒಬ್ಬಳು ಹೇಳಿದಳು. ಹಾಸಿಗೆ ಎತ್ತಿದರೆ ಅದರ ಕೆಳಗೇ ಪೆಟ್ಟಿಗೆ, ಅವಳ ಸಂಸಾರವೆಲ್ಲ ಅಷ್ಟರಲ್ಲೇ.) ಕುಡಿಯುವ ನೀರು ಎಲ್ಲಿಂದ? (ಸಮುದ್ರದ ನೀರನ್ನೇ ಹಡಗಿನಲ್ಲಿ ಸಿಹಿನೀರು ಮಾಡಿಕೊಳ್ಳುತ್ತಾರೆ.) ರಾತ್ರಿ ಪಾಳಿಯವರಿಗೆ ಊಟ? (ನಡುರಾತ್ರಿಗೆ ಒಂದು ಊಟ ಬೇರೆಯೇ ಇರುತ್ತದೆ, ಅದಕ್ಕೆ ಮುದ್ದಿನ ಹೆಸರೂ ಉಂಟು, ಮಿಡ್‌ರ್ಯಾಟ್ಸ್.) ಮನೆಯವರ ಹತ್ತಿರ ಯಾವಾಗ ಮಾತಾಡಿದ್ದು? ಇದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಕೆಲವರು ಮಾತು ಬದಲಿಸುತ್ತಾರೆ. ಒತ್ತಾಯ ಮಾಡಬೇಡಿ.

ಕೇಳಬಾರದ್ದೂ ಇದೆ. ಮುಂದೆ ಎಲ್ಲಿಗೆ ಹೋಗುತ್ತೀರಿ, ಯಾವತ್ತು ಹೊರಡುತ್ತೀರಿ, ಒಳಗೆ ಎಷ್ಟು ಕ್ಷಿಪಣಿ ಇದೆ. ಉತ್ತರ ಸಿಗುವುದಿಲ್ಲ, ಸುಮ್ನೆ ಅವರಿಗೆ ಮುಜುಗರ.

8. ಮಧ್ಯಾಹ್ನದ ಮೇಲೆ

ಶನಿವಾರ ಆದರೆ ಫೆರಿ ಬಿಲ್ಡಿಂಗ್ ಸುತ್ತ ರೈತರ ಸಂತೆ ಇರುತ್ತದೆ, ಆದರೆ ಮಧ್ಯಾಹ್ನದ ಹೊತ್ತಿಗೆ ಅಂಗಡಿ ಎತ್ತಲು ಶುರು ಮಾಡುತ್ತಾರೆ. ಊಟ ಕಟ್ಟಿಸಿಕೊಂಡು ದಕ್ಷಿಣಕ್ಕೆ ಸ್ವಲ್ಪ ನಡೆದರೆ ರಿಂಕನ್ ಪಾರ್ಕ್. ಮಣ್ಣಿಗೆ ನೆಟ್ಟ ದೊಡ್ಡ ಬಿಲ್ಲು ಬಾಣದ ಶಿಲ್ಪ ಇದೆ, ಅದರ ಪಕ್ಕದ ಹುಲ್ಲಿನ ಮೇಲೆ ಕಾಲು ಚಾಚಿ. ಬೇ ಬ್ರಿಡ್ಜ್ ಎದುರಿಗೇ.

ವಿಮಾನಗಳ ಹಾರಾಟ ನೋಡಬೇಕು ಅನ್ನುವವರು ಎಫ್ ಟ್ರಾಮ್ ಹತ್ತಿ ಉತ್ತರದ ಫಿಷರ್‌ಮನ್ಸ್ ವಾರ್ಫ್ ಕಡೆ ಹೋಗಬೇಕು. ಅಲ್ಲಿಂದ ಮರೀನಾ ಗ್ರೀನ್‌ವರೆಗೂ ದಂಡೆಯ ಉದ್ದಕ್ಕೂ ಚೆನ್ನಾಗಿ ಕಾಣುತ್ತದೆ. ಬ್ಲೂ ಏಂಜಲ್ಸ್ ಕೊನೆಗೆ, ಸುಮಾರು ಮೂರರ ಮೇಲೆ. ಆರು ಸೂಪರ್ ಹಾರ್ನೆಟ್ ವಿಮಾನಗಳು. ವಜ್ರದ ಆಕಾರದಲ್ಲಿ ಹಾರುವಾಗ ಕೆಲವೊಮ್ಮೆ ಒಂದಕ್ಕೊಂದರ ನಡುವೆ 18 ಇಂಚು ಮಾತ್ರ ಇರುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ, ತಮಾಷೆ ಅಲ್ಲ. ಟ್ರಾಮ್ ತುಂಬಿ ತುಳುಕುತ್ತಿದ್ದರೆ ನಡೆಯುವುದೇ ವಾಸಿ. ನನ್ನ ಮಾತು ಕೇಳುವುದಾದರೆ ಹಡಗು ಒಂದು ದಿನ, ವಿಮಾನ ಇನ್ನೊಂದು ದಿನ. ಎರಡನ್ನೂ ಒಂದೇ ದಿನ ನೋಡಿದ ರಾತ್ರಿ ನಮ್ಮ ಕಾಲುಗಳಿಗೆ ಬಿಸಿನೀರು, ಉಪ್ಪು ಬೇಕಾಯಿತು.

ಸಾಲು ಕತ್ತರಿಸಿಬಿಟ್ಟರು, ಒಂದು ಹಡಗೂ ಸಿಗಲಿಲ್ಲ ಅಂದುಕೊಳ್ಳಿ. ಪಿಯರ್ 45ರಲ್ಲಿ ಎರಡನೇ ಮಹಾಯುದ್ಧದ ಪಂಪಾನಿಟೋ ಜಲಾಂತರ್ಗಾಮಿ ವರ್ಷವಿಡೀ ಇರುತ್ತದೆ. ಟಿಕೆಟ್ ಇದೆ, ಒಳಗೆ ಬಗ್ಗಿ ಬಗ್ಗಿ ಹೋಗಬೇಕು, ಉಸಿರು ಕಟ್ಟುವವರಿಗೆ ಬೇಡ. ಅಲಮೇಡಾದಲ್ಲಿ ಹಾರ್ನೆಟ್ ಅನ್ನುವ ವಿಮಾನವಾಹಕ ಹಡಗು ಮ್ಯೂಸಿಯಂ ಆಗಿದೆ. ಚಂದ್ರನ ಮೇಲೆ ಮೊದಲು ಕಾಲಿಟ್ಟು ಬಂದವರನ್ನು 1969ರಲ್ಲಿ ಸಮುದ್ರದಿಂದ ಎತ್ತಿಕೊಂಡ ಹಡಗು ಅದೇ.

ವಾಪಸ್ ಬರುವಾಗ ನಾಲ್ಕರಿಂದ ಆರರವರೆಗೆ ರೈಲುಗಳಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಒಂದು ಕಾಫಿ ಕುಡಿದು ಆರೂವರೆಯ ಮೇಲೆ ಹೊರಡಿ. ಆ ಹೊತ್ತಿಗೆ ರಜೆ ಸಿಕ್ಕ ನಾವಿಕರು ಸಮವಸ್ತ್ರದಲ್ಲಿ ಗುಂಪುಗುಂಪಾಗಿ ಊರೊಳಗೆ ಹೊರಟಿರುತ್ತಾರೆ. ಹೋದ ಸಲ ಬೆಳಿಗ್ಗೆ ಮಂಚದ ಕಥೆ ಹೇಳಿದ್ದ ಹುಡುಗಿ ಎದುರು ಸಿಕ್ಕಿದಳು. ಇಲ್ಲಿ ಎಲ್ಲಾದರೂ ಖಾರದ ಊಟ ಸಿಗುತ್ತಾ ಅಂತ ಕೇಳಿದಳು. ನನ್ನ ಗಂಡ ಫೋನ್ ತೆಗೆದು ಅವಳಿಗೆ ದಾರಿ ತೋರಿಸುತ್ತಾ ನಿಂತರು, ನಮ್ಮ ರೈಲು ತಪ್ಪಿತು.